ಪ್ರತಿಕ್ರಿಯೆ: ಮಜ್ಜಿಗೆಯಿಲ್ಲದ ಕೇಲ್ ತಂಬುಳಿ

ಹಾಲು, ಮಜ್ಜಿಗೆ ಬಿಟ್ಟ ಮೇಲೆ ಕೇಲ್ ಸೊಪ್ಪಿನ ತಂಬುಳಿ ಮಾಡಿದಿರಿ, ಅದು ಕಹಿಯಾಗಿ, ನಾರುನಾರಾಗಿ, ಬಣ್ಣಗೆಟ್ಟು ಹೋಯಿತು ಎಂದು ಬರೆದಿದ್ದೀರಿ. ಶಿರಸಿಯ ನಮ್ಮ ಮನೆಯಲ್ಲಿಯೂ ಮೊದಲ ಸಲ ಹೀಗೆಯೇ ಆಗಿತ್ತು. ಒಂದೆಲಗವನ್ನು ಅರೆಯುವಂತೆ ಇದನ್ನೂ ಹಸಿಯಾಗಿಯೇ ಅರೆದದ್ದು ತಪ್ಪು. ಕೇಲ್ ಎಲೆಕೋಸಿನ ಜಾತಿಯದೇ ಆಗಿರುವುದರಿಂದ, ಹಸಿ ಎಲೆಯನ್ನು ಅರೆದಾಗ ಸಾಸಿವೆ ಅರೆದಾಗಿನಂಥದೇ ಘಾಟು ಹುಟ್ಟುತ್ತದೆ.

ಎಲೆಯ ನಡುವಿನ ದಂಟನ್ನು ಪೂರ್ತಿ ಸೀಳಿ ತೆಗೆಯಿರಿ. ಅದು ಎಷ್ಟು ಅರೆದರೂ ನುಣ್ಣಗಾಗುವುದಿಲ್ಲ. ಉಪ್ಪು ಹಾಕಿದ ಕುದಿನೀರಿನಲ್ಲಿ ಎಲೆಯನ್ನು ಮುಚ್ಚಳವಿಲ್ಲದೆ 2–3 ನಿಮಿಷ ಬೇಯಿಸಿ, ತಣ್ಣೀರಿಗೆ ಹಾಕಿ ಹಿಂಡಿ, ಕೊಬ್ಬರಿ ಎಣ್ಣೆಯಲ್ಲಿ ಹುರಿದ ಜೀರಿಗೆ, ನಾಲ್ಕು ಕಾಳುಮೆಣಸು ಮತ್ತು ಒಂದು ಹಿಡಿ ಕಾಯಿತುರಿಯೊಂದಿಗೆ ಅರೆಯಿರಿ. ಮಜ್ಜಿಗೆಯ ಬದಲು ತೆಂಗಿನಹಾಲು ಬೆರೆಸಬಹುದು, ಆದರೆ ಕುದಿಸಬೇಡಿ. ತಂಬುಳಿ ಹೇಗೂ ಕುದಿಸುವ ಪದಾರ್ಥವಲ್ಲ.

ಬಣ್ಣ ಕೆಟ್ಟದ್ದು ಹುಳಿಯಿಂದ. ಹುಳಿ ಸೇರಿ ಹೊತ್ತಾದರೆ, ಅದರಲ್ಲೂ ಬಿಸಿಯಿದ್ದಾಗ ಸೇರಿಸಿದರೆ, ಎಲೆಯ ಹಸಿರು ಮಂಕಾಗುತ್ತದೆ. ಆದ್ದರಿಂದ ನಿಂಬೆರಸವನ್ನು ಬಡಿಸುವ ಮುನ್ನವಷ್ಟೇ ಹಿಂಡಿ. ಮುರುಗಲು (ಕೋಕಂ) ಸಿಪ್ಪೆ ನೆನೆಸಿದ ನೀರು ರುಚಿಯಲ್ಲಿ ನನಗೆ ಹೆಚ್ಚು ಇಷ್ಟ, ಆದರೆ ಅದರ ಕೆಂಪು ಬೆರೆತು ತಂಬುಳಿ ಕೆಸರಿನ ಬಣ್ಣಕ್ಕೆ ತಿರುಗುತ್ತದೆ. ಮನೆಯವರಿಗಷ್ಟೇ ಆದರೆ ಅಡ್ಡಿಯಿಲ್ಲ.

ತೆಗೆದಿಟ್ಟ ದಂಟನ್ನು ಎಸೆಯಬೇಡಿ; ಸಣ್ಣಗೆ ಹೆಚ್ಚಿ ಮರುದಿನದ ಸಾಂಬಾರಿಗೆ ಹಾಕಬಹುದು.