ಆಸಿಡ್ ಇಲ್ಲದೆ ಚಿನ್ನದಿಂದ ಬೆಳ್ಳಿ ತೆಗೆದದ್ದು ಹೀಗೆ

ಆಸಿಡ್ ಇಲ್ಲದ ಕಾಲದಲ್ಲಿ ಚಿನ್ನದೊಳಗಿನ ಬೆಳ್ಳಿಯನ್ನು ಹೇಗೆ ಬೇರ್ಪಡಿಸುತ್ತಿದ್ದರು ಎಂದು ಕೇಳಿದ್ದೀರಿ. ಉಪ್ಪಿನಿಂದ! ಇದರ ಅತ್ಯುತ್ತಮ ಪುರಾವೆ ಇಂದಿನ ಟರ್ಕಿಯ ಸಾರ್ಡಿಸ್‌ನಲ್ಲಿ ಸಿಕ್ಕಿದೆ: ಕ್ರಿ.ಪೂ. 6ನೇ ಶತಮಾನದ ಲಿಡಿಯನ್ನರ (ಆಗ ಅಲ್ಲಿದ್ದ ಪ್ರಾಚೀನ ಜನ) ಕುಲುಮೆಗಳು. ಸೀಸದ ಜೊತೆ ಕಾಯಿಸಿದರೆ ಚಿನ್ನದೊಳಗಿನ ತಾಮ್ರ ಹೋಗುತ್ತದೆ, ಬೆಳ್ಳಿ ಹೋಗುವುದಿಲ್ಲ. ಹಾಗಾಗಿ ಚಿನ್ನವನ್ನು ತೆಳು ತಗಡಾಗಿ ಬಡಿದು, ಮಣ್ಣಿನ ಮಡಕೆಯಲ್ಲಿ ಉಪ್ಪಿನೊಂದಿಗೆ ಪದರ ಪದರವಾಗಿ ಇಟ್ಟು, ಸುಮಾರು 600ರಿಂದ 800 ಡಿಗ್ರಿ ಸೆಲ್ಸಿಯಸ್‌ನಲ್ಲಿ ಗಂಟೆಗಟ್ಟಲೆ ಕಾಯಿಸುತ್ತಿದ್ದರು. ಉಪ್ಪಿನಿಂದ ಹೊರಟ ಆವಿ ಬೆಳ್ಳಿಯ ಜೊತೆ ಸೇರಿ ಬೆಳ್ಳಿ ಕ್ಲೋರೈಡ್ ಆಗುತ್ತಿತ್ತು; ಅದು ಆವಿಯಾಗಿ ಮಡಕೆಗೂ ಕುಲುಮೆಯ ಇಟ್ಟಿಗೆಗೂ ಇಳಿಯುತ್ತಿತ್ತು. ತಗಡು ದಪ್ಪವಿದ್ದರೆ ಒಳಗಿನ ಬೆಳ್ಳಿ ಹೊರಬರುವುದಿಲ್ಲ. ಶಾಖ ಮೀರಿ ತಗಡು ಕರಗಿದರೆ ಆವಿ ತಾಗುವ ಮೈಯೇ ಕುಗ್ಗಿ ಕೆಲಸ ಕೆಡುತ್ತದೆ. ನನ್ನ ಪ್ರಕಾರ ಅವರ ನಿಜವಾದ ಕೌಶಲ ಈ ಬೆಂಕಿಯ ಹದದಲ್ಲೇ ಇತ್ತು. ಬೆಳ್ಳಿ ಹೀರಿದ ಇಟ್ಟಿಗೆಗಳನ್ನೂ ಬಿಸಾಡದೆ, ಸೀಸದ ಜೊತೆ ಕರಗಿಸಿ ಬೆಳ್ಳಿಯನ್ನು ಮರಳಿ ಪಡೆಯುತ್ತಿದ್ದರು.