ಅಮೆರಿಕದ ವಿಶ್ವವಿದ್ಯಾಲಯಗಳಲ್ಲಿರುವ ‘ಮೈನಾರಿಟಿ ಹೆಲ್ತ್’ ಸಂಶೋಧನಾ ಕೇಂದ್ರಗಳಲ್ಲಿ ನಿಜಕ್ಕೂ ಏನು ಕೆಲಸ ನಡೆಯುತ್ತೆ?

ನಿಮ್ಮ ಮಗಳಿಗೆ ಅಲಬಾಮಾ ರಾಜ್ಯದ ಬರ್ಮಿಂಗ್‌ಹ್ಯಾಮ್‌ನಲ್ಲಿ ಪಬ್ಲಿಕ್ ಹೆಲ್ತ್ ಓದಲು ಸೀಟು ಸಿಕ್ಕಿದೆ, ಅಲ್ಲಿನ ಮೈನಾರಿಟಿ ಹೆಲ್ತ್ ಸೆಂಟರ್‌ನಲ್ಲಿ ಕೆಲಸ ಕಲಿಯುವ ಆಸೆ ಅವಳಿಗೆ ಅಂತ ಬರೆದಿದ್ದೀರಿ. ಅದು ಆಸ್ಪತ್ರೆಯೋ, ಲ್ಯಾಬೋ, ಸಮಾಜಸೇವೆಯೋ? ನಾವು ಭಾರತೀಯರು ಅವರ ಲೆಕ್ಕಕ್ಕೆ ಬರುತ್ತೇವಾ? ಇವು ನಿಮ್ಮ ಪ್ರಶ್ನೆಗಳು.

ನಾನು ಆ ಊರಲ್ಲಿ ಆರು ವರ್ಷ ಇದ್ದೆ. ಆ ಸೆಂಟರ್‌ನ ನೌಕರ ಅಲ್ಲ. ಆರೋಗ್ಯ ಸಮೀಕ್ಷೆಗಳ ಲೆಕ್ಕ ನೋಡುವ ಕೆಲಸ ನನ್ನದು. ಬೆಳಗ್ಗೆಯಿಂದ ಸಂಜೆವರೆಗೆ ಕಂಪ್ಯೂಟರ್ ಮುಂದೆ ಕೂರುವವನು. ಆದರೂ ಈ ವಿಷಯ ಹತ್ತಿರದಿಂದ ನೋಡಿದ್ದೇನೆ. ಉತ್ತರ ಸ್ವಲ್ಪ ಉದ್ದ ಆಗುತ್ತೆ, ಓದಿಕೊಳ್ಳಿ.

ಮೊದಲು ಒಂದು ಗೊಂದಲ ಬಿಡಿಸುತ್ತೇನೆ. ನಮ್ಮಲ್ಲಿ ಅಲ್ಪಸಂಖ್ಯಾತರು ಅಂದ ಕೂಡಲೇ ಧರ್ಮ ನೆನಪಾಗುತ್ತೆ. ಅಲ್ಲಿ ಆ ಮಾತು ಜನಾಂಗದ್ದು. ಕಪ್ಪುವರ್ಣೀಯರು, ಹಿಸ್ಪಾನಿಕ್ ಜನ, ಮೂಲನಿವಾಸಿಗಳು, ಏಷ್ಯಾದವರು, ಪೆಸಿಫಿಕ್ ದ್ವೀಪಗಳವರು. 1985ರಲ್ಲಿ ಅಲ್ಲಿನ ಆರೋಗ್ಯ ಮಂತ್ರಿಯಾಗಿದ್ದ ಮಾರ್ಗರೆಟ್ ಹೆಕ್ಲರ್ ಒಂದು ವರದಿ ಹೊರತಂದರು. ಬಿಳಿಯರ ಸಾವಿನ ಪ್ರಮಾಣವೇ ಈ ಗುಂಪುಗಳಿಗೂ ಇದ್ದಿದ್ದರೆ ವರ್ಷಕ್ಕೆ ಸುಮಾರು 60 ಸಾವಿರ ಜನ ಉಳಿಯುತ್ತಿದ್ದರು ಅಂತ ಅದರಲ್ಲಿತ್ತು. ಸರ್ಕಾರವೇ ಹೀಗೆ ಲೆಕ್ಕ ಹಾಕಿ ಒಪ್ಪಿಕೊಂಡಿದ್ದು ಅದೇ ಮೊದಲು. 2000ದಲ್ಲಿ ಕಾನೂನು ಬಂತು, ಎನ್‌ಐಎಚ್ (ವೈದ್ಯಕೀಯ ಸಂಶೋಧನೆಗೆ ಹಣ ಕೊಡುವ ಅಲ್ಲಿನ ಸರ್ಕಾರಿ ಸಂಸ್ಥೆ) ಒಳಗೆ ಇದಕ್ಕೇ ಒಂದು ಕೇಂದ್ರ ಆಯಿತು. 2010ರಲ್ಲಿ ಅದು ಪೂರ್ಣ ಸಂಸ್ಥೆ ಆಯಿತು. ವಿಶ್ವವಿದ್ಯಾಲಯಗಳ ಇಂಥ ಸೆಂಟರ್‌ಗಳಿಗೆ ಹಣ ಬಹುಪಾಲು ಅಲ್ಲಿಂದ ಮತ್ತು ಎನ್‌ಐಎಚ್‌ನ ಉಳಿದ ಸಂಸ್ಥೆಗಳಿಂದ ಬರುತ್ತೆ.

ಬರ್ಮಿಂಗ್‌ಹ್ಯಾಮ್‌ನ ವಿಶ್ವವಿದ್ಯಾಲಯವನ್ನ ಎಲ್ಲರೂ ಯುಎಬಿ ಅಂತಾರೆ. ಅಲ್ಲಿನ ಸೆಂಟರ್ 2002ರಲ್ಲಿ ಶುರುವಾಯಿತು. ಕಟ್ಟಿದವರು ಡಾ. ಮೋನಾ ಫೌಆದ್, ಈಜಿಪ್ಟ್‌ನಲ್ಲಿ ಡಾಕ್ಟರಿಕೆ ಓದಿ ಬಂದವರು. ಅಲ್ಲಿ ರೋಗಿಗಳಿಗೆ ಹಾಸಿಗೆ ಇಲ್ಲ, ಇಲಿಗಳ ಪಂಜರವೂ ಇಲ್ಲ. ಡಾಕ್ಟರು, ನರ್ಸು, ಅಂಕಿಅಂಶದ ಲೆಕ್ಕದವರು, ಸಮಾಜಶಾಸ್ತ್ರದವರು, ಊರೂರು ತಿರುಗುವವರು ಎಲ್ಲ ಸೇರಿ ಒಂದೇ ಕಾಯಿಲೆಗೆ ಇಬ್ಬರ ಗತಿ ಯಾಕೆ ಬೇರೆ ಆಗುತ್ತೆ ಅಂತ ಹುಡುಕುತ್ತಾರೆ. ಆಮೇಲೆ ಏನಾದರೂ ಮಾಡಿ ನೋಡುತ್ತಾರೆ. ಅಂತರ ಕಡಿಮೆಯಾಯಿತಾ ಅಂತ ಅಳೆಯುತ್ತಾರೆ. ಅಂತರ ಎಷ್ಟು ದೊಡ್ಡದು ಅಂತೀರಾ? 2023ರ ಲೆಕ್ಕ ನೋಡಿ. ಅಮೆರಿಕದಲ್ಲಿ ಲಕ್ಷ ಹೆರಿಗೆಗೆ ಸಾಯುವ ಬಿಳಿ ತಾಯಂದಿರು 14.5, ಕಪ್ಪುವರ್ಣೀಯ ತಾಯಂದಿರು 50.3.

ಇಷ್ಟು ಯಾವ ವೆಬ್‌ಸೈಟ್ ನೋಡಿದರೂ ಸಿಗುತ್ತೆ. ನನಗೆ ಆ ಕೆಲಸ ಏನು ಅಂತ ಅರ್ಥ ಆಗಿದ್ದು ಒಂದು ಖಾಲಿ ಕಾಲಂನಿಂದ.

ಸೇರಿದ ಹೊಸದರಲ್ಲಿ ನನಗೊಂದು ದೊಡ್ಡ ಶೀಟ್ ಕೊಟ್ಟಿದ್ದರು. ಬಿಪಿ ಎಷ್ಟು, ಸಕ್ಕರೆ ಎಷ್ಟು, ರಕ್ತದ ಮಾದರಿ ಕೊಟ್ಟರಾ ಇಲ್ಲವಾ. ಕೆಲವು ಕೌಂಟಿಗಳ (ನಮ್ಮ ಜಿಲ್ಲೆ ಇದ್ದ ಹಾಗೆ) ಸಾಲು ಬಂದರೆ ಸಾಕು, ರಕ್ತದ ಖಾನೆ ಖಾಲಿ, ಖಾಲಿ, ಖಾಲಿ. ಇದು ನಮ್ಮ ಕಸುಬಿನಲ್ಲಿ ದಿನದ ಗೋಳು. ಖಾಲಿ ಜಾಗಕ್ಕೆ ಅಂದಾಜು ತುಂಬಲು ನಾಲ್ಕಾರು ಉಪಾಯ ಇವೆ. ತುಂಬಿ ಮುಂದೆ ಹೋಗೋಣ ಅಂದುಕೊಂಡೆ. ನನ್ನ ಮೇಲಿನವರು ಒಬ್ಬ ಕಪ್ಪುವರ್ಣೀಯ ಹೆಂಗಸು, ನಮ್ಮ ದೊಡ್ಡಮ್ಮನ ವಯಸ್ಸು. ಶೀಟ್ ನೋಡಿ ಏನೂ ಬೈಯಲಿಲ್ಲ. “ಶನಿವಾರ ಬಿಡುವಿದೆಯಾ?” ಅಂತಷ್ಟೇ ಕೇಳಿದರು.

ಶನಿವಾರ ಕಾರಿನಲ್ಲಿ ಎರಡು ಗಂಟೆ ದಕ್ಷಿಣಕ್ಕೆ ಹೋದೆವು. ಒಂದು ಚಿಕ್ಕ ಚರ್ಚು, ಹಿಂದೆ ಒಂದು ಸಭಾಂಗಣ, ಮಡಚುವ ಕುರ್ಚಿಗಳು. ಬಿಪಿ ನೋಡುವ ಮೇಜಿನ ಮುಂದೆ ಸಾಲು ಇತ್ತು. ರಕ್ತ ತೆಗೆಯುವ ಮೇಜಿನ ಮುಂದೆ ಯಾರೂ ಇಲ್ಲ. ಒಬ್ಬ ಅಜ್ಜಿ ನನ್ನ ಪಕ್ಕ ಬಂದು ಕೂತರು. ಎಲ್ಲಿಯವನು, ಮದುವೆ ಆಯಿತಾ, ಅಮ್ಮ ಹೇಗಿದ್ದಾರೆ, ಎಲ್ಲ ವಿಚಾರಿಸಿದರು. ನಮ್ಮೂರ ಬಸ್‌ಸ್ಟ್ಯಾಂಡಿನಲ್ಲಿ ಕೂತ ಹಾಗೇ ಇತ್ತು. ಆಮೇಲೆ ಮೆಲ್ಲಗೆ ಕೇಳಿದರು: “ರಕ್ತ ತಗೊಂಡು ಹೋಗ್ತೀರಲ್ಲಪ್ಪ, ಏನಿತ್ತು ಅಂತ ವಾಪಸ್ ಬಂದು ಹೇಳ್ತೀರಾ?”

ನನ್ನ ಬಳಿ ಉತ್ತರ ಇರಲಿಲ್ಲ. ನನ್ನ ಶೀಟ್‌ನಲ್ಲಿ ಅದಕ್ಕೆ ಕಾಲಂ ಇರಲಿಲ್ಲ.

ವಾಪಸ್ ಬರುವಾಗ ನನ್ನ ಮೇಡಂ ಟಸ್ಕೀಗಿ ವಿಷಯ ತೆಗೆದರು. ಅದು ಅದೇ ರಾಜ್ಯದ ಮೇಕನ್ ಕೌಂಟಿಯ ಊರು. 1932ರಲ್ಲಿ ಅಮೆರಿಕದ ಸರ್ಕಾರಿ ಆರೋಗ್ಯ ಇಲಾಖೆ ಅಲ್ಲಿ 600 ಬಡ ಕಪ್ಪುವರ್ಣೀಯ ಗಂಡಸರನ್ನ ಒಂದು ಅಧ್ಯಯನಕ್ಕೆ ಸೇರಿಸಿಕೊಂಡಿತು. 399 ಜನಕ್ಕೆ ಸಿಫಿಲಿಸ್ ಅನ್ನುವ ಲೈಂಗಿಕ ರೋಗ ಇತ್ತು, 201 ಜನಕ್ಕೆ ಇರಲಿಲ್ಲ. ಕಾಯಿಲೆ ಯಾವುದು ಅಂತ ಅವರಿಗೆ ಹೇಳಲಿಲ್ಲ. “ನಿಮ್ಮ ರಕ್ತ ಕೆಟ್ಟಿದೆ” ಅಂದರು, ಅಷ್ಟೇ. ಚಿಕಿತ್ಸೆ ಇಲ್ಲದಿದ್ದರೆ ಮನುಷ್ಯ ಹೇಗೆ ಹಾಳಾಗುತ್ತಾನೆ ಅಂತ ನೋಡುವುದು ಅವರ ಉದ್ದೇಶ. 1940ರ ದಶಕದಲ್ಲಿ ಪೆನ್ಸಿಲಿನ್ ಬಂತು, ಎಲ್ಲ ಕಡೆ ಅದೇ ಮದ್ದು ಆಯಿತು. ಇವರಿಗೆ ಮಾತ್ರ ಕೊಡಲಿಲ್ಲ. ಸತ್ತರೆ ಮಣ್ಣಿನ ಖರ್ಚು ಕೊಡುತ್ತೇವೆ, ಹೆಣ ಕೊಯ್ದು ನೋಡಲು ಒಪ್ಪಿ ಅಂತ ಮನೆಯವರ ಸಹಿ ಪಡೆದರು. 40 ವರ್ಷ ನಡೆಯಿತು ಇದು! ಪೀಟರ್ ಬಕ್ಸ್‌ಟನ್ ಅನ್ನುವ ಇಲಾಖೆಯ ಮನುಷ್ಯನೇ ವಿಷಯ ಹೊರಗೆ ಹಾಕಿದ. 1972ರ ಜುಲೈನಲ್ಲಿ ಪತ್ರಿಕೆಗಳಲ್ಲಿ ಬಂದ ಮೇಲೆ ನಿಂತಿತು. ಅಧ್ಯಕ್ಷ ಕ್ಲಿಂಟನ್ ಕ್ಷಮೆ ಕೇಳಿದ್ದು 1997ರಲ್ಲಿ.

(ಸರ್ಕಾರವೇ ಅವರಿಗೆ ಸಿಫಿಲಿಸ್ ಚುಚ್ಚಿತು ಅಂತ ವಾಟ್ಸಾಪ್‌ನಲ್ಲಿ ಓಡಾಡುತ್ತೆ. ಅದು ಸುಳ್ಳು. ಇದ್ದ ಕಾಯಿಲೆಗೆ ಮದ್ದು ಕೊಡದೆ ನೋಡುತ್ತಾ ಕೂತರು. ನನಗೆ ಇದೇ ಜಾಸ್ತಿ ಭಯ ಹುಟ್ಟಿಸುತ್ತೆ.)

ಈ ಕಥೆಯಲ್ಲಿ ನನ್ನನ್ನ ಇವತ್ತಿಗೂ ಕಾಡುವುದು ಯುನಿಸ್ ರಿವರ್ಸ್ ಅನ್ನುವ ನರ್ಸ್. ಅವರೂ ಕಪ್ಪುವರ್ಣೀಯರೇ, ಜನ ನಂಬಿದ ಹೆಣ್ಣುಮಗಳು. ಮನೆಮನೆಗೆ ಹೋಗಿ ಯೋಗಕ್ಷೇಮ ವಿಚಾರಿಸುತ್ತಿದ್ದರು, ಕಾರಿನಲ್ಲಿ ಕೂರಿಸಿಕೊಂಡು ತಪಾಸಣೆಗೆ ಕರೆತರುತ್ತಿದ್ದರು. ಡಾಕ್ಟರುಗಳು ಬದಲಾದರು, ರಿವರ್ಸ್ ಅವರು ವರ್ಷಗಟ್ಟಲೆ ಇದ್ದರು. ಆ ಅಧ್ಯಯನ ಅಷ್ಟು ಕಾಲ ಬಾಳಿದ್ದೇ ಜನಕ್ಕೆ ಅವರ ಮೇಲಿದ್ದ ನಂಬಿಕೆಯಿಂದ. “ಸಮುದಾಯದ ವಿಶ್ವಾಸ ಗಳಿಸಬೇಕು” ಅಂತ ಈಗ ಪ್ರತಿ ಪ್ರಾಜೆಕ್ಟ್ ಅರ್ಜಿಯಲ್ಲೂ ಬರೆಯುತ್ತಾರೆ. ಓದಿದಾಗೆಲ್ಲ ನನಗೆ ರಿವರ್ಸ್ ನೆನಪಾಗುತ್ತಾರೆ. ಆ ಅಧ್ಯಯನವೂ ವಿಶ್ವಾಸ ಗಳಿಸಿಯೇ ನಡೆದಿತ್ತು, ಅಲ್ವಾ? ಅಜ್ಜಿ ಕೇಳಿದ್ದು ನಾವು ಒಳ್ಳೆಯವರಾ ಅಂತ ಅಲ್ಲ. ತಗೊಂಡು ಹೋದದ್ದಕ್ಕೆ ಲೆಕ್ಕ ಕೊಡಲು ವಾಪಸ್ ಬರುತ್ತೀರಾ ಅಂತ.

ಹಾಗಾಗಿ ಇಂಥ ಸೆಂಟರ್‌ಗಳ ಒಳ್ಳೆಯ ಕೆಲಸ ಯಾವುದು ಅಂತ ನನ್ನನ್ನ ಕೇಳಿದರೆ, ವಾಪಸ್ ಬರುವುದನ್ನ ರೂಢಿ ಮಾಡಿಕೊಂಡಿದ್ದು ಅಂತೀನಿ. ಯುಎಬಿಯವರು 2000ದಲ್ಲೇ ಅಲಬಾಮಾದ ಹಳ್ಳಿಗಾಡು ಮತ್ತು ಪಕ್ಕದ ಮಿಸಿಸಿಪ್ಪಿಯಲ್ಲಿ ಕ್ಯಾನ್ಸರ್ ತಡೆಗೆ ಒಂದು ಜಾಲ ಕಟ್ಟಿದರು, ಡೀಪ್ ಸೌತ್ ನೆಟ್‌ವರ್ಕ್ ಅಂತ. ಊರಿನವರನ್ನೇ ತರಬೇತಿ ಕೊಟ್ಟು ಆರೋಗ್ಯ ಸಲಹೆಗಾರರನ್ನಾಗಿ ಮಾಡಿದರು. ಆರಿಸುವಾಗ ಡಿಗ್ರಿ ಮುಖ್ಯ ಅಲ್ಲ. ಕಷ್ಟ ಬಂದಾಗ ಅಕ್ಕಪಕ್ಕದವರು ಯಾರ ಮನೆ ಬಾಗಿಲು ತಟ್ಟುತ್ತಾರೆ, ಅಂಥವರು ಬೇಕು. ನಮ್ಮ ಆಶಾ ಅಕ್ಕಂದಿರ ಹಾಗೆ ಅಂದುಕೊಳ್ಳಿ. ಆದರೆ ಆಶಾ ಸರ್ಕಾರದ ಯೋಜನೆ, 2005ರಲ್ಲಿ ಬಂದದ್ದು. ಇವರು ಹೆಚ್ಚಾಗಿ ಸ್ವಯಂಸೇವಕರು. ಮ್ಯಾಮೊಗ್ರಾಂ (ಸ್ತನದ ಎಕ್ಸ್-ರೇ) ಮಾಡಿಸಿದ್ಯಾ ಅಂತ ನೆನಪಿಸುವುದು, ಹೆದರಿದವರ ಜೊತೆ ಹೋಗುವುದು, ರಿಪೋರ್ಟ್ ಬಂತಾ ಅಂತ ವಿಚಾರಿಸುವುದು. ಕೇಳಲು ಸಣ್ಣ ಕೆಲಸ.

ಈ ಸಣ್ಣ ಕೆಲಸದ ಬಲ ಎಷ್ಟು ಅಂತ ತೋರಿಸಿದ ಒಂದು ಪ್ರಯೋಗ ಲಾಸ್ ಏಂಜಲೀಸ್‌ನದು, 2018ರಲ್ಲಿ ಪ್ರಕಟವಾಯಿತು. ಕಪ್ಪುವರ್ಣೀಯರ 52 ಕ್ಷೌರದಂಗಡಿಗಳು, ಬಿಪಿ ಜಾಸ್ತಿ ಇದ್ದ 319 ಗಂಡಸರು. ಕೆಲವು ಅಂಗಡಿಗಳಿಗೆ ಫಾರ್ಮಸಿಸ್ಟ್ ಬಂದು ಅಲ್ಲೇ ಬಿಪಿ ನೋಡಿ ಮಾತ್ರೆ ಬರೆದುಕೊಟ್ಟರು. ಉಳಿದ ಕಡೆ ಕ್ಷೌರಿಕರು “ಡಾಕ್ಟರನ್ನ ನೋಡಪ್ಪ” ಅಂತ ಬುದ್ಧಿ ಹೇಳಿದರು. ಆರು ತಿಂಗಳಲ್ಲಿ ಮೊದಲಿನವರ ಮೇಲಿನ ಬಿಪಿ 27 ಪಾಯಿಂಟ್ ಇಳಿಯಿತು, ಎರಡನೆಯವರದು 9 ಚಿಲ್ಲರೆ. ಅದೇ ಜನ, ಮಾತ್ರೆಗಳೂ ಹೊಸವೇನಲ್ಲ. ಬದಲಾಗಿದ್ದು ಮಾತ್ರೆ ಸಿಗುವ ಜಾಗ.

ನಾನು ಉತ್ತರ ಕರ್ನಾಟಕದವನು, ರೋಣದ ಕಡೆ. ಆ ಚರ್ಚಿನ ಹೊರಗೆ ಮಳೆ ಬಿದ್ದ ನೆಲದಲ್ಲಿ ಬೂಟು ಹೂತು ಹೋದಾಗ ನನಗೆ ನಗು ಬಂತು. ಅಪ್ಪಟ ಎರೆ ಮಣ್ಣು, ನಮ್ಮ ಕಡೆಯ ಕಪ್ಪು ಮಣ್ಣು! ಆ ಸೀಮೆಯ ಹೆಸರೇ ಬ್ಲ್ಯಾಕ್ ಬೆಲ್ಟ್, ಆ ಹೆಸರು ಬಂದದ್ದು ಮೊದಲು ಮಣ್ಣಿನಿಂದ. ಎರೆಯಲ್ಲಿ ಹತ್ತಿ ಚೆನ್ನಾಗಿ ಬರುತ್ತೆ. ಹತ್ತಿ ಬಿಡಿಸಲು ಗುಲಾಮರನ್ನ ತಂದರು. ಗುಲಾಮಗಿರಿ ಹೋದ ಮೇಲೂ ಅವರ ಮಕ್ಕಳು ಮೊಮ್ಮಕ್ಕಳು ಅಲ್ಲೇ ಉಳಿದರು, ಬಡತನವೂ ಉಳಿಯಿತು. (ಅಲ್ಲಿ ಅಂತರ್ಯುದ್ಧ ಆಗಿ ಹತ್ತಿ ನಿಂತಾಗಲೇ ನಮ್ಮ ಧಾರವಾಡ ಸೀಮೆಯ ಹತ್ತಿಗೆ ಬಂಗಾರದ ಬೆಲೆ ಬಂದಿದ್ದು. ಎರಡೂ ಎರೆಗಳಿಗೆ ಹಳೇ ನಂಟು.) ಎರೆ ನೀರು ಇಂಗಿಸಿಕೊಳ್ಳಲ್ಲ ಅಂತ ನಮ್ಮ ಕಡೆಯವರಿಗೆ ಹೇಳಬೇಕಿಲ್ಲ. ಅಲ್ಲಿ ಲೌಂಡ್ಸ್ ಕೌಂಟಿಯಲ್ಲಿ ಸಾಮಾನ್ಯ ಸೆಪ್ಟಿಕ್ ಟ್ಯಾಂಕ್ ಕೆಲಸ ಮಾಡಲ್ಲ. ಬೇರೆ ಥರದ್ದು ಹಾಕಿಸಲು ದುಡ್ಡಿಲ್ಲ. ಎಷ್ಟೋ ಮನೆಗಳ ಕಕ್ಕಸಿನ ನೀರು ಪೈಪಿನಿಂದ ನೇರ ಹಿತ್ತಲಿಗೆ. ಕ್ಯಾಥರೀನ್ ಕೋಲ್ಮನ್ ಫ್ಲವರ್ಸ್ ಅನ್ನುವವರು ವರ್ಷಗಟ್ಟಲೆ ಕೂಗಿ ಕೂಗಿ ಇದನ್ನ ದೇಶಕ್ಕೆ ತೋರಿಸಿದರು. 2023ರಲ್ಲಿ ಕೇಂದ್ರ ಸರ್ಕಾರ ಇದು ನಾಗರಿಕ ಹಕ್ಕಿನ ಪ್ರಶ್ನೆ ಅಂತ ರಾಜ್ಯದ ಜೊತೆ ಒಪ್ಪಂದ ಮಾಡಿಕೊಂಡಿತು. 2025ರಲ್ಲಿ ಹೊಸ ಸರ್ಕಾರ ಅದನ್ನ ರದ್ದು ಮಾಡಿತು.

ಇದನ್ನೆಲ್ಲ ಯಾಕೆ ಹೇಳಿದೆ ಅಂದರೆ, “ಅವರ ಮೈಯೇ ಹಾಗೆ, ಅವರ ಊಟವೇ ಹಾಗೆ” ಅಂತ ಸುಮ್ನೆ ಹೇಳಿಬಿಡುವವರು ನಮ್ಮ ಜನರಲ್ಲೂ ಇದ್ದಾರೆ. ಯುಎಬಿಯವರೇ ನಡೆಸಿದ ರಿಗಾರ್ಡ್ಸ್ ಅನ್ನುವ ಅಧ್ಯಯನ ಇದೆ, 30 ಸಾವಿರಕ್ಕೂ ಹೆಚ್ಚು ಜನರನ್ನ 2003ರಿಂದ ಸೇರಿಸಿಕೊಂಡು ಹಿಂಬಾಲಿಸುತ್ತಿರುವುದು. ಅದರ ಪ್ರಕಾರ 45 ವರ್ಷದ ಆಸುಪಾಸಿನಲ್ಲಿ ಕಪ್ಪುವರ್ಣೀಯರಿಗೆ ಸ್ಟ್ರೋಕ್ (ಲಕ್ವ) ಸಾಧ್ಯತೆ ಬಿಳಿಯರ ಸುಮಾರು ಮೂರು ಪಟ್ಟು. 85ಕ್ಕೆ ಬರುವಷ್ಟರಲ್ಲಿ ಆ ಅಂತರ ಹೆಚ್ಚುಕಡಿಮೆ ಮಾಯ. ಬಿಪಿ, ಸಕ್ಕರೆ, ಬೀಡಿ ಸಿಗರೇಟು ಎಲ್ಲ ಲೆಕ್ಕಕ್ಕೆ ತಗೊಂಡರೂ ಅಂತರದ ಸುಮಾರು ಅರ್ಧಕ್ಕೆ ಮಾತ್ರ ಕಾರಣ ಸಿಗುತ್ತೆ. ಉಳಿದರ್ಧ ಹುಡುಕುವವರಿಗೇ ಇಂಥ ಸೆಂಟರ್‌ಗಳಲ್ಲಿ ಸಂಬಳ.

ಇನ್ನು ನಾವು. ಹೌದು, ಭಾರತೀಯರು ಅವರ ಪಟ್ಟಿಯಲ್ಲಿ ಏಷ್ಯಾದವರ ಜೊತೆ ಬರುತ್ತೇವೆ. ಆದರೆ ‘ಏಷ್ಯನ್’ ಅಂತ ಚೀನಾ, ಜಪಾನ್, ಭಾರತ ಎಲ್ಲವನ್ನೂ ಒಂದೇ ಚೀಲಕ್ಕೆ ಹಾಕಿದರೆ ಸರಾಸರಿ ಚಂದ ಕಾಣುತ್ತೆ, ನಮ್ಮ ಹೃದ್ರೋಗ ಅದರಲ್ಲಿ ಮುಚ್ಚಿಹೋಗುತ್ತೆ. ಅದಕ್ಕೇ ಸ್ಯಾನ್ ಫ್ರಾನ್ಸಿಸ್ಕೊ ಮತ್ತು ಶಿಕಾಗೊದ ಎರಡು ವಿಶ್ವವಿದ್ಯಾಲಯಗಳು 2010ರಲ್ಲಿ ಮಸಾಲಾ ಅನ್ನುವ ಅಧ್ಯಯನ ಶುರು ಮಾಡಿದವು. ಹೆಸರು ನಿಜಕ್ಕೂ ಅದೇ. ದಕ್ಷಿಣ ಏಷ್ಯಾದ 906 ಜನರಿಂದ ಆರಂಭ. ತೆಳ್ಳಗೆ ಕಾಣುವ ನಮ್ಮವರಲ್ಲೂ ಸಕ್ಕರೆ ಕಾಯಿಲೆ ಎಷ್ಟು ಜಾಸ್ತಿ ಅಂತ ಅಲ್ಲಿ ಸ್ಪಷ್ಟವಾಯಿತು. ಏಷ್ಯಾದವರಿಗೆ ಬಿಎಂಐ (ಎತ್ತರಕ್ಕೆ ತಕ್ಕ ತೂಕದ ಅಳತೆ) 25 ಅಲ್ಲ, 23 ದಾಟಿದರೇ ಸಕ್ಕರೆ ಪರೀಕ್ಷೆ ಮಾಡಿ ಅಂತ ಅಮೆರಿಕದ ಡಯಾಬಿಟಿಸ್ ಅಸೋಸಿಯೇಷನ್ 2015ರಿಂದ ಹೇಳುತ್ತಿದೆ. ನಿಮ್ಮ ಮಗಳಿಗೆ ಆಸಕ್ತಿ ಇದ್ದರೆ ಈ ಕಡೆಯೂ ನೋಡಲಿ.

ಹಣದ ವಿಷಯ ಮುಚ್ಚಿಡಲ್ಲ. 2025ರಲ್ಲಿ ಈ ಕ್ಷೇತ್ರದ ಅನೇಕ ಅನುದಾನಗಳು ನಡುವಿನಲ್ಲೇ ನಿಂತವು. ಎನ್‌ಐಎಚ್‌ನಲ್ಲಿರುವ ಮೈನಾರಿಟಿ ಹೆಲ್ತ್ ಸಂಸ್ಥೆಯನ್ನೇ ಮುಚ್ಚುವ ಪ್ರಸ್ತಾವ ಬಜೆಟ್‌ನಲ್ಲಿ ಬಂತು. ಅಲಬಾಮಾದಲ್ಲಿ ಜನಾಂಗದ ಹೆಸರಿನ ಕಾರ್ಯಕ್ರಮಗಳಿಗೆ ಕಡಿವಾಣ ಹಾಕುವ ರಾಜ್ಯದ ಕಾನೂನೂ 2024ರ ಅಕ್ಟೋಬರ್‌ನಿಂದ ಜಾರಿಯಲ್ಲಿದೆ. ಹಾಗಾಗಿ ಸೆಂಟರ್‌ನ ಹೆಸರು ನೋಡಿ ನಂಬಿ ಹೋಗುವುದು ಬೇಡ. ಗೈಡ್ ಆಗುವ ಪ್ರೊಫೆಸರ್‌ಗೆ ಅವಳೇ ಮೇಲ್ ಹಾಕಿ ನೇರವಾಗಿ ಕೇಳಲಿ: ಈ ಪ್ರಾಜೆಕ್ಟ್‌ಗೆ ದುಡ್ಡು ಎಲ್ಲಿಂದ, ಯಾವ ವರ್ಷದವರೆಗೆ, ವಿದ್ಯಾರ್ಥಿಗೆ ಸಂಬಳ ಇದೆಯಾ. ಇದನ್ನ ಕೇಳಿದರೆ ಅಲ್ಲಿ ಯಾರೂ ಬೇಜಾರು ಮಾಡಿಕೊಳ್ಳಲ್ಲ. ಲೋನ್ ಸಹಿ ಹಾಕುವ ಮೊದಲು ಕೇಳಲಿ.

ಇನ್ನೆರಡು ಮಾತು. ಕಾರು ಓಡಿಸಲು ಇಲ್ಲೇ ಚೆನ್ನಾಗಿ ಕಲಿತು ಹೋಗಲಿ. ಆ ಹಳ್ಳಿಗಳಿಗೆ ಬಸ್ ಇಲ್ಲ. ಲೆಕ್ಕದ ಕೆಲಸ ಸಿಕ್ಕಿದರೂ ತಿಂಗಳಿಗೊಮ್ಮೆಯಾದರೂ ಊರಿಗೆ ಹೋಗುವ ತಂಡದ ಜೊತೆ ಕಳಿಸಿ ಅಂತ ಕೇಳಿಕೊಳ್ಳಲಿ. ನಾನು ಆ ಚರ್ಚಿಗೆ ಎಂಟು ತಿಂಗಳ ಮೇಲೆ ರಿಪೋರ್ಟ್ ಹಿಡಿದುಕೊಂಡು ಮತ್ತೆ ಹೋದೆ. ಅಜ್ಜಿ ಇದ್ದರು. ತಮ್ಮ ಕಾಗದ ಓದಿಸಿಕೊಂಡರು, ಸಕ್ಕರೆ ಅಂಚಿನಲ್ಲಿದೆ ಅಂದಿದ್ದಕ್ಕೆ ತಲೆಯಾಡಿಸಿದರು, ಆಮೇಲೆ ಒಂದು ತಟ್ಟೆ ತುಂಬ ಊಟ ತಂದು ಮುಂದೆ ಇಟ್ಟರು. ಬೇಡ ಅನ್ನುವ ಹಾಗಿಲ್ಲ. ನೀವು ಸಸ್ಯಾಹಾರಿಗಳಾದರೆ ಮಗಳಿಗೆ ಮೊದಲೇ ಹೇಳಿಕೊಡಿ: ಅಲ್ಲಿನ ಕಾಲರ್ಡ್ ಸೊಪ್ಪಿನ ಪಲ್ಯ ನೋಡಲು ಥೇಟ್ ನಮ್ಮ ಸೊಪ್ಪಿನ ಪಲ್ಯದ ಹಾಗೇ ಇರುತ್ತೆ, ಆದರೆ ಬೇಯಿಸುವಾಗ ಹಂದಿ ಮಾಂಸದ ತುಂಡು ಹಾಕಿರುತ್ತಾರೆ. ಕಾರ್ನ್‌ಬ್ರೆಡ್‌ಗೂ ಸಾಮಾನ್ಯವಾಗಿ ಮೊಟ್ಟೆ, ಕೆಲವೊಮ್ಮೆ ಹಂದಿ ಕೊಬ್ಬು ಹಾಕುತ್ತಾರೆ, ಕೇಳಿಕೊಂಡು ತಿನ್ನಲಿ.