ಧ್ರುವದ ಆಕಾಶಕ್ಕೆ ರೇಡಾರ್ ಯಾಕೆ? ಓದುಗರ ಪ್ರಶ್ನೆ, ತಜ್ಞರ ಉತ್ತರ

ಪ್ರಶ್ನೆ: 2024ರ ಮೇ ತಿಂಗಳ ಸೌರ ಬಿರುಗಾಳಿಯಲ್ಲಿ ಲಡಾಖಿನ ಹಾನ್ಲೆಯಲ್ಲೂ ಆಕಾಶ ಕೆಂಪಾದ ಫೋಟೋ ನೋಡಿದೆ. ಧ್ರುವಜ್ಯೋತಿಯನ್ನು ಕ್ಯಾಮೆರಾದಲ್ಲೇ ಹಿಡಿಯಬಹುದಲ್ವಾ? ಹಾಗಿದ್ದರೆ ನಾರ್ವೆಯಲ್ಲಿ ಅಷ್ಟು ದೊಡ್ಡ ರೇಡಾರ್ ಯಾಕೆ? ವಿಮಾನವಾದರೆ ಸರಿ, ಖಾಲಿ ಆಕಾಶದಲ್ಲಿ ಸಿಗ್ನಲ್ ಬಡಿದು ವಾಪಸ್ ಬರೋಕೆ ಏನಿದೆ?
(ಮೈಸೂರಿನ ಓದುಗರು)

ಉತ್ತರ: ನಿಮ್ಮ ಕೊನೆಯ ಪ್ರಶ್ನೆಯೇ ಚೆನ್ನಾಗಿದೆ. ಅದಕ್ಕೂ ಮೊದಲು ಕ್ಯಾಮೆರಾ ವಿಷಯ ಮುಗಿಸಿಬಿಡೋಣ. ಹಾನ್ಲೆಯಲ್ಲಿ ಆ ಕೆಂಪು ಬೆಳಕನ್ನು ಹಿಡಿದದ್ದು ಕ್ಯಾಮೆರಾಗಳೇ, ನಿಜ. ಅಲ್ಲಿನ ವೀಕ್ಷಣಾಲಯವನ್ನು ನಡೆಸುವುದು ನಮ್ಮ ಬೆಂಗಳೂರಿನ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಆಸ್ಟ್ರೋಫಿಸಿಕ್ಸ್. ಆದರೆ ಕ್ಯಾಮೆರಾಕ್ಕೆ ಕತ್ತಲೆ ಬೇಕು, ಮೋಡ ಇರಬಾರದು. ನಾರ್ವೆಯ ಟ್ರೊಮ್ಸೊ ಊರಲ್ಲಿ ಬೇಸಿಗೆಯ ಸುಮಾರು ಎರಡು ತಿಂಗಳು ಸೂರ್ಯ ಮುಳುಗುವುದೇ ಇಲ್ಲ. ಚಳಿಗಾಲದಲ್ಲಿ ಕತ್ತಲೆಯೇನೋ ಇರುತ್ತದೆ, ಸಮುದ್ರದ ಪಕ್ಕದ ಊರಾದ್ದರಿಂದ ಮೋಡವೂ ಇರುತ್ತದೆ. ಇನ್ನೊಂದು ವಿಷಯ: ಬೆಳಕು ನೋಡಿದರೆ ಅದನ್ನು ಹುಟ್ಟಿಸುವ, ಮೇಲಿಂದ ಬರುವ ಕಣಗಳು ಎಲ್ಲಿ ಬೀಳುತ್ತಿವೆ, ಎಷ್ಟು ಜೋರಾಗಿ ಬೀಳುತ್ತಿವೆ ಅನ್ನುವುದು ಒಂದು ಮಟ್ಟಿಗೆ ಗೊತ್ತಾಗುತ್ತದೆ. ಅಲ್ಲಿನ ಅನಿಲ ಎಷ್ಟು ಬಿಸಿಯಾಗಿದೆ, ಯಾವ ಕಡೆಗೆ ಎಷ್ಟು ವೇಗದಲ್ಲಿ ಓಡುತ್ತಿದೆ, ವಿದ್ಯುತ್ ಕ್ಷೇತ್ರ ಎಷ್ಟಿದೆ ಅನ್ನುವುದಕ್ಕೆ ಫೋಟೋ ಸಾಲದು.

ಹಾಗಾದರೆ ಅಲ್ಲಿಗೇ ಉಪಕರಣ ಕಳಿಸಬಹುದಲ್ಲ? ಬಲೂನು ಸುಮಾರು 40 ಕಿಲೋಮೀಟರಿಗೆ ಸುಸ್ತಾಗುತ್ತದೆ. ಉಪಗ್ರಹ 200 ಕಿಲೋಮೀಟರಿಗಿಂತ ಕೆಳಗೆ ಬಂದರೆ ಗಾಳಿಯ ತಡೆಗೆ ಸಿಕ್ಕಿ ಬೇಗ ಬಿದ್ದೇ ಹೋಗುತ್ತದೆ. ರಾಕೆಟ್ ಹಾರಿಸಿದರೆ ಕೆಲವೇ ನಿಮಿಷದ ಮಾಹಿತಿ. ಧ್ರುವಜ್ಯೋತಿಯ ಹಸಿರು ಬೆಳಕು ಹೆಚ್ಚಾಗಿ ಹುಟ್ಟುವುದು, ಜೋರು ವಿದ್ಯುತ್ ಪ್ರವಾಹ ಹರಿಯುವುದು 100–150 ಕಿಲೋಮೀಟರ್ ಎತ್ತರದಲ್ಲಿ. ಅದನ್ನು ಗಂಟೆಗಟ್ಟಲೆ ನೋಡುತ್ತಾ ಕೂರಬೇಕೆಂದರೆ ನೆಲದ ಮೇಲಿನ ರೇಡಾರೇ ಗತಿ.

ಈಗ ಸಿಗ್ನಲ್ ಯಾವುದಕ್ಕೆ ಬಡಿಯುತ್ತದೆ ಅನ್ನುವ ವಿಷಯ. ಎಲೆಕ್ಟ್ರಾನ್‌ಗಳಿಗೆ. ಸೂರ್ಯನ ನೇರಳಾತೀತ ಕಿರಣ, ಧ್ರುವದಲ್ಲಾದರೆ ಜೊತೆಗೆ ಮೇಲಿಂದ ಬೀಳುವ ಕಣಗಳು, ಅಣುಗಳಿಂದ ಎಲೆಕ್ಟ್ರಾನ್ ಕಿತ್ತುಹಾಕುತ್ತವೆ. ಎಲೆಕ್ಟ್ರಾನ್ ಕಳೆದುಕೊಂಡು ಉಳಿದದ್ದು ಅಯಾನು, ಅದಕ್ಕೇ ಆ ಪದರ ಅಯಾನುಗೋಳ. 300 ಕಿಲೋಮೀಟರ್ ಆಸುಪಾಸಿನಲ್ಲಿ ಒಂದು ಘನ ಮೀಟರಿಗೆ ಒಂದು ಲಕ್ಷ ಕೋಟಿಯವರೆಗೂ ಎಲೆಕ್ಟ್ರಾನ್ ಸಿಗಬಹುದು. ಕೇಳೋಕೆ ಜಾಸ್ತಿ ಅನ್ನಿಸುತ್ತದೆ. ಆದರೆ ಒಂದೊಂದು ಎಲೆಕ್ಟ್ರಾನ್ ವಾಪಸ್ ಚದುರಿಸುವ ಶಕ್ತಿ ಎಷ್ಟು ಕಡಿಮೆ ಅಂದರೆ, ರೇಡಾರ್ ಕಿರಣದೊಳಗಿನ ಹತ್ತಾರು ಘನ ಕಿಲೋಮೀಟರಿನ ಎಲ್ಲ ಎಲೆಕ್ಟ್ರಾನ್‌ಗಳನ್ನು ಕೂಡಿಸಿದರೂ ಗುರಿಯ ವಿಸ್ತಾರ ಒಂದು ಚದರ ಮಿಲಿಮೀಟರಿನ ಆಸುಪಾಸು. 300 ಕಿಲೋಮೀಟರ್ ದೂರದಲ್ಲಿ ಸಾಸಿವೆ ಕಾಳು ಹುಡುಕಿದ ಹಾಗೆ. ಅದಕ್ಕೇ 32 ಮೀಟರ್ ಅಗಲದ ಡಿಶ್, ಮೆಗಾವಾಟ್ ಲೆಕ್ಕದ ಟ್ರಾನ್ಸ್‌ಮಿಟರ್.

ಇಲ್ಲೊಂದು ಹಳೇ ಕಥೆ ಹೇಳಲೇಬೇಕು, ಈ ಕ್ಷೇತ್ರದಲ್ಲಿ ನನಗೆ ಬಹಳ ಇಷ್ಟವಾದದ್ದು. 1958ರಲ್ಲಿ ವಿಲಿಯಂ ಗಾರ್ಡನ್ ಅನ್ನುವವರು ಈ ಮರುದನಿ ಸಿಕ್ಕೇ ಸಿಗುತ್ತದೆ ಅಂತ ಲೆಕ್ಕ ಹಾಕಿದರು. ಎಲೆಕ್ಟ್ರಾನ್‌ಗಳು ವಿಪರೀತ ವೇಗದಲ್ಲಿ ಅಡ್ಡಾದಿಡ್ಡಿ ಓಡುವುದರಿಂದ ಮರುದನಿಯ ಆವರ್ತನ ಅಗಲಕ್ಕೆ ಹರಡಿಹೋಗುತ್ತದೆ, ಹಾಗಾಗಿ ತುಂಬಾ ದೊಡ್ಡ ಆಂಟೆನಾ ಬೇಕು ಅಂದರು. ಪೋರ್ಟೊ ರಿಕೊದ ಅರೆಸಿಬೊದಲ್ಲಿ 305 ಮೀಟರಿನ ಡಿಶ್ ಎದ್ದದ್ದು ಈ ಕೆಲಸಕ್ಕಾಗಿಯೇ. ಅದೇ ವರ್ಷ ಕೆನ್ ಬೌಲ್ಸ್ ಇಲಿನಾಯ್‌ನಲ್ಲಿ ಪ್ರಯೋಗ ಮಾಡಿ ನೋಡಿದರೆ ಮರುದನಿ ಬಂತು, ಆದರೆ ಗಾರ್ಡನ್ ಅಂದುಕೊಂಡದ್ದಕ್ಕಿಂತ ತುಂಬಾ ಕಿರಿದಾಗಿ. ಕಾರಣ ಅಯಾನುಗಳು. ಅವು ಭಾರ, ನಿಧಾನ. ಎಲೆಕ್ಟ್ರಾನ್‌ಗಳು ಅವುಗಳ ವಿದ್ಯುತ್ ಸೆಳೆತಕ್ಕೆ ಸಿಕ್ಕಿ ಅವುಗಳ ಜೊತೆಗೇ ಅಲೆಯುತ್ತವೆ. ಅಂದರೆ ಚದುರಿಸುವುದು ಎಲೆಕ್ಟ್ರಾನ್, ಸುದ್ದಿ ಹೇಳುವುದು ಅಯಾನು! ಇದರಿಂದ ಚಿಕ್ಕ ಡಿಶ್‌ನಲ್ಲೂ ಕೆಲಸ ಸಾಧ್ಯವಾಯಿತು.

ಮರುದನಿಯ ಶಕ್ತಿಯಿಂದ ಎಲೆಕ್ಟ್ರಾನ್ ಎಷ್ಟಿವೆ ಅಂತ ಗೊತ್ತಾಗುತ್ತದೆ. ಅದರ ಸ್ಪೆಕ್ಟ್ರಮ್, ಅಂದರೆ ಯಾವ ಆವರ್ತನದಲ್ಲಿ ಎಷ್ಟು ಶಕ್ತಿ ಬಂತು ಅನ್ನುವ ಗ್ರಾಫ್, ಎರಡು ದಿಬ್ಬಗಳ ಹಾಗಿರುತ್ತದೆ. ಅಗಲ ನೋಡಿ ಅಯಾನಿನ ತಾಪಮಾನ, ದಿಬ್ಬಗಳ ನಡುವಿನ ತಗ್ಗು ನೋಡಿ ಎಲೆಕ್ಟ್ರಾನ್ ತಾಪಮಾನ, ಇಡೀ ಆಕಾರ ಪಕ್ಕಕ್ಕೆ ಎಷ್ಟು ಸರಿದಿದೆ ಅಂತ ನೋಡಿ ವೇಗ. ವೇಗ ಸಿಕ್ಕರೆ ವಿದ್ಯುತ್ ಕ್ಷೇತ್ರವೂ ಸಿಕ್ಕ ಹಾಗೆ: ಅಲ್ಲಿನ ಕಾಂತಕ್ಷೇತ್ರಕ್ಕೆ ಅಡ್ಡಲಾಗಿ ಸೆಕೆಂಡಿಗೆ ಒಂದು ಕಿಲೋಮೀಟರ್ ಓಟ ಅಂದರೆ ಮೀಟರಿಗೆ ಸುಮಾರು 50 ಮಿಲಿವೋಲ್ಟ್.

ಟ್ರೊಮ್ಸೊ ಹತ್ತಿರ ಐಸ್ಕಾಟ್ ಸಂಸ್ಥೆಯ ರೇಡಾರ್ 1981ರಲ್ಲಿ ಕೆಲಸ ಶುರುಮಾಡಿತು. ಆಮೇಲೆ ಇನ್ನೂ ಉತ್ತರಕ್ಕೆ, 78 ಡಿಗ್ರಿಯಲ್ಲಿರುವ ಸ್ವಾಲ್ಬಾರ್ಡ್ ದ್ವೀಪದಲ್ಲಿ ಎರಡು ಡಿಶ್ ಬಂದವು. ಒಂದು ತಿರುಗುತ್ತದೆ, 42 ಮೀಟರಿನ ಇನ್ನೊಂದು ಅಲ್ಲಾಡುವುದೇ ಇಲ್ಲ, ಭೂಮಿಯ ಕಾಂತರೇಖೆಯ ದಿಕ್ಕಿಗೇ ಮುಖಮಾಡಿ ನಿಂತಿದೆ. ಮಧ್ಯಾಹ್ನದ ಹೊತ್ತಿಗೆ ಈ ದ್ವೀಪದ ಮೇಲೆ ಸೌರಮಾರುತದ ಕಣಗಳು ಹೆಚ್ಚುಕಮ್ಮಿ ನೇರವಾಗಿ ಒಳಬರುವ ಜಾಗ ಹಾದುಹೋಗುತ್ತದೆ. ಧ್ರುವವೇ ಯಾಕೆ ಅಂತ ಕೇಳುವವರಿಗೆ ಇದೇ ಉತ್ತರ.

ತೊಂದರೆಯೂ ಇದೆ. ಒಂದು ಪಲ್ಸ್‌ನ (ರೇಡಾರ್ ಒಮ್ಮೆಗೆ ಬಿಡುವ ಪುಟ್ಟ ಸಿಗ್ನಲ್) ಮರುದನಿ ಬರೀ ಗದ್ದಲ. ಸಾವಿರಾರು ಪಲ್ಸ್ ಸೇರಿಸಿ ಸರಾಸರಿ ತೆಗೆದರೆ ಮಾತ್ರ ಆ ದಿಬ್ಬ ಕಾಣುತ್ತದೆ. ಅಷ್ಟರಲ್ಲಿ ಧ್ರುವಜ್ಯೋತಿ ಕುಣಿದು ಬೇರೆಲ್ಲೋ ಹೋಗಿರುತ್ತದೆ. ಡಿಶ್ ತಿರುಗಿಸುವುದೂ ನಿಧಾನ. ಅದಕ್ಕೇ ಈಗ ನಾರ್ವೆಯ ಶಿಬೋಟ್ನ್‌ನಲ್ಲಿ ಸುಮಾರು 10,000 ಸಣ್ಣ ಆಂಟೆನಾಗಳನ್ನು ನೆಲದ ಮೇಲೆ ಹರಡಿ ಐಸ್ಕಾಟ್ 3ಡಿ ಕಟ್ಟಿದ್ದಾರೆ. ಏನನ್ನೂ ತಿರುಗಿಸದೆ ಕಿರಣದ ದಿಕ್ಕನ್ನು ಎಲೆಕ್ಟ್ರಾನಿಕ್ ಆಗಿ ಕ್ಷಣದಲ್ಲಿ ಬದಲಿಸಬಹುದು. ಸ್ವೀಡನ್, ಫಿನ್ಲೆಂಡ್‌ಗಳಲ್ಲೂ ಒಂದೊಂದು ಕಡೆ ಅದೇ ಮರುದನಿಯನ್ನು ಕೇಳುವ ಆಂಟೆನಾಗಳು, ಹಾಗಾಗಿ ವೇಗ ಮೂರೂ ದಿಕ್ಕಲ್ಲಿ ಸಿಗುತ್ತದೆ. ಇದರ ಆವರ್ತನ 233 ಮೆಗಾಹರ್ಟ್ಸ್. ಟ್ರೊಮ್ಸೊದ ಹಳೇ ಡಿಶ್ 930ರ ಸುತ್ತ ಇತ್ತು, ಪಕ್ಕದಲ್ಲೇ ಮೊಬೈಲ್ ಫೋನುಗಳು ಬಂದು ಕೂತವು. ಸ್ವೀಡನ್, ಫಿನ್ಲೆಂಡಿನ ಹಳೇ ರಿಸೀವರ್‌ಗಳು ಆ ಆವರ್ತನವನ್ನು ಬಿಟ್ಟುಕೊಡಬೇಕಾಯಿತು. ಫೋನಿನ ಮುಂದೆ ಸಾಸಿವೆ ಕಾಳಿನ ಮಾತು ಕೇಳುತ್ತದೆಯೇ?

ಪ್ರಶ್ನೆ: ಮಗಳು ಸ್ಯಾನ್ ಫ್ರಾನ್ಸಿಸ್ಕೊದಲ್ಲಿದ್ದಾಳೆ. ಬೆಂಗಳೂರಿನ ನೇರ ವಿಮಾನ ಉತ್ತರ ಧ್ರುವದ ಮೇಲೆ ಬರುತ್ತದಂತೆ. ಸೌರ ಬಿರುಗಾಳಿ ಬಂದರೆ ಅಪಾಯ ಉಂಟಾ?
(ಉಡುಪಿಯ ಓದುಗರು)

ಉತ್ತರ: ಗಾಬರಿ ಬೇಡ. 2021ರ ಜನವರಿಯಲ್ಲಿ ಆ ಮಾರ್ಗದ ಮೊದಲ ವಿಮಾನ ಧ್ರುವದ ಮೇಲಿಂದಲೇ ಬಂತು, ನಿಜ. ಬಿರುಗಾಳಿಯಿಂದ ವಿಮಾನ ಬೀಳುವುದಿಲ್ಲ, ಕೆಡುವುದು ಮಾತುಕತೆ. ಸುಮಾರು 82 ಡಿಗ್ರಿ ದಾಟಿದ ಮೇಲೆ ಭೂಮಧ್ಯರೇಖೆಯ ಮೇಲಿನ ಸಂಪರ್ಕ ಉಪಗ್ರಹಗಳು ದಿಗಂತದ ಕೆಳಗೆ ಇಳಿದುಬಿಡುತ್ತವೆ. ಆಗ ಹಳೇ ಶಾರ್ಟ್‌ವೇವ್ ರೇಡಿಯೋ ಮುಖ್ಯವಾಗುತ್ತದೆ. ಸೂರ್ಯನಿಂದ ಪ್ರೋಟಾನ್‌ಗಳು ಸುರಿದರೆ 50–90 ಕಿಲೋಮೀಟರ್ ಎತ್ತರದ ಪದರ ಆ ಅಲೆಗಳನ್ನು ನುಂಗಿಹಾಕುತ್ತದೆ, ಕೆಲವೊಮ್ಮೆ ದಿನಗಟ್ಟಲೆ. ಆಗ ವಿಮಾನ ಕಂಪನಿಗಳು ಮಾರ್ಗವನ್ನು ದಕ್ಷಿಣಕ್ಕೆ ಸರಿಸುತ್ತವೆ. ಇಂಧನ, ಸಮಯ ಜಾಸ್ತಿ ಆಗುತ್ತದೆ, ಅಷ್ಟೇ.

ಇದಕ್ಕೂ ರೇಡಾರಿಗೂ ಒಂದು ಸಂಬಂಧ ಇದೆ. ಸೂಪರ್‌ಡಾರ್ನ್ ಅನ್ನುವ ಜಾಲವೂ ಇದೇ ಶಾರ್ಟ್‌ವೇವ್ ಬಳಸುತ್ತದೆ, 8ರಿಂದ 20 ಮೆಗಾಹರ್ಟ್ಸ್. 1983ರಲ್ಲಿ ಕೆನಡಾದ ಗೂಸ್ ಬೇಯಲ್ಲಿ ಒಂದೇ ರೇಡಾರಿನಿಂದ ಶುರುವಾದದ್ದು ಈಗ ಎರಡೂ ಧ್ರುವಗಳ ಸುತ್ತ 30ಕ್ಕೂ ಹೆಚ್ಚಾಗಿದೆ. ಇವು ತಾಪಮಾನ ಹೇಳಲಾರವು. ಅಯಾನುಗೋಳ ಯಾವ ಕಡೆ ಹರಿಯುತ್ತಿದೆ ಅನ್ನುವುದನ್ನು ಮಾತ್ರ ಸಾವಿರಾರು ಕಿಲೋಮೀಟರ್ ಅಗಲಕ್ಕೆ, ನಿಮಿಷ ನಿಮಿಷಕ್ಕೂ ತೋರಿಸುತ್ತವೆ. ಹಗಲಿನ ಕಡೆಯಿಂದ ಧ್ರುವ ದಾಟಿ ರಾತ್ರಿಯ ಕಡೆಗೆ, ಅಲ್ಲಿಂದ ಎರಡೂ ಬದಿಯಲ್ಲಿ ಸುತ್ತಿ ವಾಪಸ್, ಹೀಗೆ ಎರಡು ದೊಡ್ಡ ಸುಳಿಗಳು. ಜೋರು ಪ್ರೋಟಾನ್ ಮಳೆಯಲ್ಲಿ ಈ ರೇಡಾರ್‌ಗಳೂ ಕುರುಡಾಗುತ್ತವೆ. ಆದರೆ ಯಾವ ರೇಡಾರ್ ಯಾವಾಗ ಸುಮ್ಮನಾಯಿತು ಅನ್ನುವುದನ್ನೇ ಲೆಕ್ಕಹಾಕಿ, ಶಾರ್ಟ್‌ವೇವ್ ಎಲ್ಲೆಲ್ಲಿ ಸತ್ತಿದೆ ಅಂತ ನಕ್ಷೆ ಮಾಡಬಹುದು.

ಪ್ರಶ್ನೆ: ಎಲೆಕ್ಟ್ರಾನಿಕ್ಸ್ ಎಂಜಿನಿಯರಿಂಗ್ ಕೊನೆಯ ವರ್ಷದಲ್ಲಿದ್ದೇನೆ. ತಿರುಪತಿ ಹತ್ತಿರದ ಗಡಂಕಿಯಲ್ಲೂ ರೇಡಾರ್ ಇದೆಯಲ್ಲ, ಅದೂ ಇಂಥದ್ದೇನಾ? ಈ ವಿಷಯ ಕಲಿಯೋಕೆ ನಾರ್ವೆಗೇ ಹೋಗಬೇಕಾ?
(ಹುಬ್ಬಳ್ಳಿಯ ವಿದ್ಯಾರ್ಥಿ)

ಉತ್ತರ: ಬೇಡಪ್ಪ, ಮನೆಯಲ್ಲೇ ಶುರುಮಾಡಿ. ಗಡಂಕಿಯದು 53 ಮೆಗಾಹರ್ಟ್ಸ್ ರೇಡಾರ್, ವಾತಾವರಣದ ಜೊತೆಗೆ ಅಯಾನುಗೋಳವನ್ನೂ ನೋಡುತ್ತದೆ. ವ್ಯತ್ಯಾಸ ಇರುವುದು ಕಾಂತರೇಖೆಯ ಓರೆಯಲ್ಲಿ. ಅಯಾನುಗೋಳದಲ್ಲಿ ಎಲೆಕ್ಟ್ರಾನ್ ದಟ್ಟಣೆಯ ಏರುಪೇರುಗಳು ಕಾಂತರೇಖೆಯ ಉದ್ದಕ್ಕೆ ಚಾಚಿಕೊಂಡಿರುತ್ತವೆ, ಅವುಗಳಿಂದ ಮರುದನಿ ಬೇಕಾದರೆ ಕಿರಣ ಆ ರೇಖೆಗೆ ಲಂಬವಾಗಿ ಬಡಿಯಬೇಕು. ಗಡಂಕಿಯಲ್ಲಿ ರೇಖೆ ಬಹುತೇಕ ಮಲಗಿದೆ, ಕಿರಣವನ್ನು ನೆತ್ತಿಯಿಂದ ತುಸು ಉತ್ತರಕ್ಕೆ ಓರೆ ಮಾಡಿದರೆ ಸಾಕು. ಧ್ರುವದಲ್ಲಿ ರೇಖೆ ಹೆಚ್ಚುಕಮ್ಮಿ ನೆಟ್ಟಗೆ ನಿಂತಿರುತ್ತದೆ, ಹಾಗಾಗಿ ಕಿರಣ ಅಡ್ಡಡ್ಡ ಹೋಗಬೇಕು. ನೆಲದಿಂದ ಮೇಲಕ್ಕೆ ಬಿಟ್ಟ ಕಿರಣ 300 ಕಿಲೋಮೀಟರ್ ಎತ್ತರದಲ್ಲಿ ಅಡ್ಡ ತಿರುಗುವುದು ಹೇಗೆ? ಶಾರ್ಟ್‌ವೇವ್ ಆದರೆ ಅಯಾನುಗೋಳವೇ ಅದನ್ನು ಬಗ್ಗಿಸುತ್ತದೆ. ಸೂಪರ್‌ಡಾರ್ನ್ ಆ ಆವರ್ತನ ಆರಿಸಿಕೊಂಡ ಗುಟ್ಟು ಇದೇ.

ಕಲಿಯೋಕೆ, ಸೂಪರ್‌ಡಾರ್ನ್ ಡೇಟಾ ನೋಡುವ ಪೈಡಾರ್ನ್ ಅನ್ನುವ ಪೈಥಾನ್ ಪ್ಯಾಕೇಜ್ ಉಚಿತ. ಟ್ರೊಮ್ಸೊ, ಸ್ವಾಲ್ಬಾರ್ಡ್‌ನಂಥ ರೇಡಾರ್‌ಗಳ ಡೇಟಾ ಮ್ಯಾಡ್ರಿಗಲ್ ಡೇಟಾಬೇಸಿನಲ್ಲಿ ಸಿಗುತ್ತದೆ. ಮೊದಲು ಆಟೋಕೋರಿಲೇಶನ್ (ಸಿಗ್ನಲನ್ನು ಅದರದೇ ತಡವಾದ ಪ್ರತಿಯ ಜೊತೆ ಹೋಲಿಸುವ ಲೆಕ್ಕ) ಚೆನ್ನಾಗಿ ಅರ್ಥಮಾಡಿಕೊಳ್ಳಿ, ಪ್ಲಾಸ್ಮಾ ಭೌತಶಾಸ್ತ್ರ ಆಮೇಲೆ ನೋಡಿಕೊಳ್ಳಬಹುದು. ಮುಂದೆ ಪಿಎಚ್‌ಡಿ ಮನಸ್ಸಿದ್ದರೆ ಗಡಂಕಿ, ನವಿ ಮುಂಬೈನ ಭೂಕಾಂತತ್ವ ಸಂಸ್ಥೆ, ಅಹಮದಾಬಾದಿನ ಪಿಆರ್‌ಎಲ್ (ಭೌತ ಸಂಶೋಧನಾ ಪ್ರಯೋಗಾಲಯ) ನೋಡಿ.

ಪ್ರಶ್ನೆ: ಅಲಾಸ್ಕಾದ ಹಾರ್ಪ್‌ನಿಂದ ಮಳೆ, ಭೂಕಂಪ ತರಿಸುತ್ತಾರೆ ಅಂತ ವಾಟ್ಸಾಪ್‌ನಲ್ಲಿ ಬಂದಿದೆ. ನಿಜವೇ?
(ಕಲಬುರಗಿಯ ಓದುಗರು)

ಉತ್ತರ: ಸುಳ್ಳು. ಅದು 3.6 ಮೆಗಾವಾಟಿನ ಶಾರ್ಟ್‌ವೇವ್ ಟ್ರಾನ್ಸ್‌ಮಿಟರ್, ಅಯಾನುಗೋಳದ ಎಲೆಕ್ಟ್ರಾನ್‌ಗಳನ್ನು ಸ್ವಲ್ಪ ಬಿಸಿಮಾಡಿ ಏನಾಗುತ್ತದೆ ನೋಡುವುದಕ್ಕೆ. 2015ರಿಂದ ಅಲಾಸ್ಕಾ ವಿಶ್ವವಿದ್ಯಾಲಯ ಅದನ್ನು ನಡೆಸುತ್ತಿದೆ. ಟ್ರೊಮ್ಸೊದಲ್ಲೂ ಅಂಥದ್ದೊಂದು ಇದೆ, ಅದರ ಬಗ್ಗೆ ಮಾತ್ರ ಯಾರೂ ಫಾರ್ವರ್ಡ್ ಮಾಡುವುದಿಲ್ಲ! ಮಳೆ ಹುಟ್ಟುವುದು ಕೆಳಗಿನ ಹದಿನೈದು ಕಿಲೋಮೀಟರಿನೊಳಗೆ, ಆ ಗಾಳಿಯನ್ನು ಈ ಅಲೆಗಳು ಬಿಸಿಮಾಡದೆ ದಾಟಿಹೋಗುತ್ತವೆ. ಮೇಲೆ ಬಿಸಿಯಾದ ಎಲೆಕ್ಟ್ರಾನ್‌ಗಳೂ ಟ್ರಾನ್ಸ್‌ಮಿಟರ್ ಆರಿಸಿದ ಕೆಲವೇ ಕ್ಷಣಗಳಲ್ಲಿ ತಣ್ಣಗಾಗುತ್ತವೆ.